ಅಪ್ಪ ಹೊಲಿದ ಸೀಟು

ತುತ್ತೂರಿ ಎಂಬುದು ಆ ಹುಡುಗಿಗೆ ಮನೆಯವರು ಇಟ್ಟ ಹೆಸರಲ್ಲ, ಬೀದಿಯವರೆಲ್ಲ ಸೇರಿ ಅಂಟಿಸಿದ್ದು. ಮನೆಯಲ್ಲಿ ಹಾಲು ಉಕ್ಕಿದರೂ ಸರಿ, ತಮ್ಮನಿಗೆ ಹಲ್ಲು ಬಂದರೂ ಸರಿ, ಅರ್ಧ ಗಂಟೆಯೊಳಗೆ ಬೀದಿಯ ಆ ತುದಿಯ ಸೈಕಲ್ ಅಂಗಡಿಯವನಿಗೂ ಸುದ್ದಿ ಮುಟ್ಟಿರುತ್ತಿತ್ತು. ಒಂಬತ್ತು ವರ್ಷದ ಆ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ. ಅವಳು ಊದಿದ ಸುದ್ದಿಗಳಲ್ಲೆಲ್ಲ ದೊಡ್ಡದು ಒಂದೇ: ರೈಲು ಮಾಡುವವನು ನಮ್ಮಪ್ಪ.

ಇದಕ್ಕೆ ಶಾಲೆಯಲ್ಲಿ ತಕರಾರು ಬಂತು. "ಎಂಜಿನ್ನು, ಗಾಲಿ, ಕಿಟಕಿ, ಎಲ್ಲಾ ನಿಮ್ಮಪ್ಪ ಒಬ್ಬನೇ ಮಾಡ್ತಾನೇನೇ?" ಎಂದು ಟೀಚರು ಕೇಳಿದರು.

"ಸೀಟು ಮಾಡ್ತಾನೆ ಟೀಚರ್."

"ಹಾಗಾದ್ರೆ ಸೀಟು ಮಾಡ್ತಾನೆ ಅನ್ನು. ರೈಲು ಅಂತ ಯಾಕಂತೀಯಾ?"

"ಸೀಟೇ ಇಲ್ದಿದ್ರೆ ಅದೆಂಥಾ ರೈಲು ಟೀಚರ್? ನಿಂತ್ಕೊಂಡೇ ಹೋಗೋದಾದ್ರೆ ಜನ ನಡ್ಕೊಂಡೇ ಹೋಗ್ತಿದ್ರು."

ಟೀಚರು ಚಾಕ್‌ಪೀಸು ಕೆಳಗಿಟ್ಟು ನಕ್ಕರು. ತುತ್ತೂರಿ ಗೆದ್ದೆನೆಂದುಕೊಂಡು ಕೂತಳು.

ಅಪ್ಪ ನಿಜಕ್ಕೂ ಸೀಟು ಹೊಲಿಯುವವನೇ. ರೈಲು ಡಬ್ಬಿಗಳನ್ನು ರಿಪೇರಿ ಮಾಡುವ ದೊಡ್ಡ ಶೆಡ್ಡು ಊರಾಚೆ ಇತ್ತು. ಹಳೆಯ ಸೀಟುಗಳು ಹೊಟ್ಟೆ ಒಡೆದುಕೊಂಡು ಒಂದು ಬಾಗಿಲಿಂದ ಒಳಗೆ ಬರುತ್ತಿದ್ದವು; ಹರಿದ ರೆಕ್ಸಿನ್ ಕಿತ್ತು, ಒಳಗಿನ ನಾರನ್ನು ಕೊಡವಿ ತುಂಬಿ, ಹೊಸ ಹಸಿರು ರೆಕ್ಸಿನ್ ಎಳೆದು ಹೊಲಿದ ಮೇಲೆ ಇನ್ನೊಂದು ಬಾಗಿಲಿಂದ ಹೊರಗೆ ಹೋಗುತ್ತಿದ್ದವು. ಉದ್ದದ ಹೊಲಿಗೆಯೆಲ್ಲ ಮೆಷಿನ್ನಿನದು. ಮೂಲೆಗಳಿಗೆ ಮಾತ್ರ ಕೈಯೇ ಬೇಕು, ಅಪ್ಪನ ಬಾಗಿದ ಸೂಜಿಯೇ ಬೇಕು. ಮೂಲೆ ಮುಗಿಸುವಾಗ ಅವನು ಮೂರು ಹೊಲಿಗೆ ಹಿಂದಕ್ಕೆ ಹಾಕಿ, ಮೂರನೆಯದನ್ನು ಬೇಕೆಂದೇ ಒಂಚೂರು ಓರೆ ಮಾಡುತ್ತಿದ್ದ. ಸೀಟಿನ ಮೇಲೆ ಹೆಸರು ಬರೆಯಲು ಯಾರು ಬಿಡುತ್ತಾರೆ? ಆ ಓರೆ ಹೊಲಿಗೆಯೇ ಅವನ ರುಜು.

ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಸೀಟು ಹೊಲಿದನೋ, ಒಂದರ ಮೇಲೂ ಕೂತವನಲ್ಲ. ಮುಗಿದ ಸೀಟಿನ ಮೇಲೆ ಕೆಲಸದವರು ಕೂರಕೂಡದು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಊಟದ ಹೊತ್ತಿನಲ್ಲಿ ಎಲ್ಲರೂ ನೆಲದ ಮೇಲೆ ನಾರಿನ ಮೂಟೆಗೆ ಒರಗಿ ಕೂರಬೇಕು. ಇನ್ನು ರೈಲು ಹತ್ತುವ ಪ್ರಸಂಗವಂತೂ ಅವನಿಗೆ ಬಂದೇ ಇರಲಿಲ್ಲ. ಇದ್ದ ಒಬ್ಬಳೇ ಅಕ್ಕ, ಅಂದರೆ ತುತ್ತೂರಿಯ ಅತ್ತೆ, ವರ್ಷಕ್ಕೊಮ್ಮೆ ತಾನೇ ಬಂದು ಹೋಗುತ್ತಿದ್ದಳು. ಆ ವರ್ಷ ಅತ್ತೆಗೆ ಮಂಡಿನೋವು. 'ರಜೆಗೆ ಹುಡುಗಿಯನ್ನೇ ಇಲ್ಲಿಗೆ ತಂದು ಬಿಡು' ಎಂದು ಕಾಗದ ಹಾಕಿದಳು.

ಕಾಗದ ಬಂದ ದಿನದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ತುತ್ತೂರಿ ಸ್ಟೂಲನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಕೂತು ಮೈ ಕುಲುಕಿಸುತ್ತ ರೈಲಿನ ಅಭ್ಯಾಸ ಶುರುಮಾಡಿದಳು. "ಸ್ಟೂಲು ಇವತ್ತು ಎಲ್ಲೀವರೆಗೆ ಹೋಯ್ತಮ್ಮಾ?" ಎಂದು ಅಮ್ಮ ಮಗುವಿಗೆ ಹಾಲು ಕುಡಿಸುತ್ತ ಕೇಳುತ್ತಿದ್ದಳು. ಅಪ್ಪ ಶೆಡ್ಡಿನಲ್ಲಿ ಉಳಿದ ತುಂಡುಗಳನ್ನು ಮೇಸ್ತ್ರಿಯಿಂದ ಕೇಳಿ ತಂದು ಅವಳಿಗೊಂದು ಚೀಲ ಹೊಲಿದುಕೊಟ್ಟ. ಹಸಿರು ರೆಕ್ಸಿನ್ನಿನ ಚೀಲ, ಮೂಲೆಯಲ್ಲಿ ಮೂರು ಹೊಲಿಗೆ, ಮೂರನೆಯದು ಓರೆ.

"ಅಪ್ಪಾ, ನೀನು ಹೊಲಿದ ಸೀಟು ಹುಡುಕಿ ಅದರ ಮೇಲೇ ಕೂರೋಣ," ಎಂದಳು ಅವಳು, ಚೀಲವನ್ನು ಹೆಗಲಿಗೆ ಹಾಕಿಕೊಂಡು.

"ಅಷ್ಟೊಂದು ರೈಲಿವೆ ಕಣೇ. ನಂದೇ ಎಲ್ಲಿ ಸಿಗುತ್ತೆ?"

"ಸಿಗುತ್ತೆ. ನಾನೂ ನೀನೂ ಇಬ್ಬರೂ ಪಕ್ಕಪಕ್ಕ. ಅಲ್ಲಿ ಮೇಸ್ತ್ರಿ ಇರಲ್ಲವಲ್ಲ, ನಿಂಗೇನು ಭಯ?"

"ನಂಗ್ಯಾಕೆ ಭಯ," ಎಂದು ಅಪ್ಪ ನಕ್ಕ. "ಆಯ್ತು, ಹುಡುಕೋಣ."

"ಮಾತು ಕೊಡು."

ಅವನು ಕೈಯ ಮೇಲೆ ಕೈ ಇಟ್ಟು ಮಾತು ಕೊಟ್ಟ. ಅವಳೂ ಕೊಟ್ಟಳು. ಆಮೇಲೆ ಆ ಸುದ್ದಿಯೂ ಸೈಕಲ್ ಅಂಗಡಿಗೆ ಹೋಯಿತು.

ಹೊರಡುವ ದಿನ ಅಮ್ಮ ಅಪ್ಪನ ಅಂಗಿಗೆ ಇಸ್ತ್ರಿ ಹಾಕಿದ್ದಳು. ಆದರೂ ಅಪ್ಪ ಅಪ್ಪನೇ: ಕಾಲರಿನ ಒಳಮಗ್ಗುಲಿಗೆ ಬಾಗಿದ ಸೂಜಿ ಚುಚ್ಚಿಕೊಂಡೇ ಹೊರಟ. ಸೂಜಿ ಇಲ್ಲದಿದ್ದರೆ ಅವನಿಗೆ ಕುತ್ತಿಗೆ ಖಾಲಿಯೆನ್ನಿಸುತ್ತಿತ್ತಂತೆ. ಅಂಗಿಯ ಜೇಬಿನಲ್ಲಿ ಎರಡು ಟಿಕೆಟ್ಟು. ಐದು ನಿಮಿಷಕ್ಕೊಮ್ಮೆ ಅವು ಇವೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ.

ರೈಲು ಬಂದಾಗ ತುತ್ತೂರಿ ಕೂಗಬೇಕೆಂದುಕೊಂಡಿದ್ದಳು, ಬಾಯಿ ಬರಲಿಲ್ಲ. ಕಾಲ ಕೆಳಗಿನ ಕಲ್ಲುಹಾಸು ನಡುಗಿತು, ಬಿಸಿಗಾಳಿ ಮುಖಕ್ಕೆ ಬಡಿಯಿತು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೇನೋ ಎಂಬಂತೆ ಬಂದವು. ಅವಳು ಅಪ್ಪನ ಎರಡು ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ಖುಷಿ ಅವಳಿಗೆ ಆಮೇಲೆ ಯಾವತ್ತೂ ಆಗಲಿಲ್ಲ ಎಂದರೆ ಸುಳ್ಳಲ್ಲ. ಅದು ಪೂರ್ತಿ ಒಂದು ಗಂಟೆಯೂ ಬಾಳಲಿಲ್ಲ ಎಂಬುದೂ ಸುಳ್ಳಲ್ಲ.

ಒಳಗೆ ಕಿಟಕಿಯ ಪಕ್ಕ ಒಂದು ಜಾಗ ಸಿಕ್ಕಿತು. ಎದುರಿಗೆ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ತುತ್ತೂರಿಯಷ್ಟೇ ವಯಸ್ಸಿನ ಮಗಳು. ಮಗಳ ಕಾಲಲ್ಲಿ ಬಿಳಿ ಕಾಲುಚೀಲ, ಕಪ್ಪು ಬೂಟು. ಎರಡಕ್ಕೂ ಧೂಳೆಂಬುದೇ ಗೊತ್ತಿಲ್ಲ. ಅಪ್ಪ ತುತ್ತೂರಿಯನ್ನು ಎತ್ತಿ ಕೂರಿಸಿ, ಸೀಟಿನ ಮೂಲೆಯನ್ನು ಬೆರಳಿಂದ ಸವರಿ ನೋಡಿ, "ಇದಲ್ಲ" ಎಂದ. ಕಣ್ಣು ಮಿಟುಕಿಸಿದ. "ನೀನು ಕೂತಿರು, ನಾನು ನೋಡ್ಕೊಂಡು ಬರ್ತೀನಿ."

ರೈಲು ಹೊರಟಿತು. ಮನೆಗಳ ಹಿತ್ತಿಲುಗಳು, ಒಣಹಾಕಿದ ಬಟ್ಟೆಗಳು, ಗೇಟಿನ ಹಿಂದೆ ನಿಂತ ಸೈಕಲ್ಲುಗಳು ಎಲ್ಲ ಹಿಂದಕ್ಕೆ ಓಡಿದವು. ಎದುರಿನ ಹುಡುಗಿ ಬಿಸ್ಕತ್ತು ಕೊಟ್ಟಳು. ತಾನು ರೈಲಿನಲ್ಲಿ ಆರು ಸಲ ಹೋಗಿದ್ದೇನೆ ಎಂದಳು. ತುತ್ತೂರಿಗೆ ಇದ್ದಕ್ಕಿದ್ದಂತೆ ಇದು ಮೊದಲನೇ ಸಲ ಎಂದು ಹೇಳಲು ನಾಲಿಗೆ ಏಳಲಿಲ್ಲ. "ನಾನೂ ಅಷ್ಟೇ ಸಲ," ಎಂದಳು.

"ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?"

"ರೈಲಿನ ಆಫೀಸಲ್ಲಿದ್ದಾರೆ." ಅಪ್ಪನಿಗೆ 'ಇದ್ದಾರೆ' ಎಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಅಷ್ಟರಲ್ಲಿ ಅಪ್ಪ ಅವರ ಎದುರಿಗೇ ಬಂದ. ಸುಮ್ಮನೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದೊಂದು ಸೀಟಿನ ಮುಂದೆ ಬಗ್ಗಿ, ಕೂತವರ ಮೊಣಕಾಲ ಸಂದಿಯಲ್ಲಿ ಕೈ ತೂರಿಸಿ, ಮೂಲೆ ಸವರಿ, "ಸ್ವಲ್ಪ ಕಾಲು ಅಮ್ಮಾ, ಸ್ವಲ್ಪ ಕಾಲು ಸಾರ್" ಎನ್ನುತ್ತ ಬರುತ್ತಿದ್ದ. ಜನ ಗೊಣಗಿದರು. ಒಬ್ಬ ಗಡ್ಡದವನು, "ಏನಪ್ಪಾ, ಏನಾದ್ರೂ ಕಳ್ಕೊಂಡಿದ್ದೀಯಾ?" ಎಂದ. ಹೆಂಗಸು ತನ್ನ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, "ಯಾರೋ ಏನೋ, ಹುಷಾರಾಗಿರಬೇಕಮ್ಮ ಇಂಥವರ ಹತ್ರ," ಎಂದು ಮಗಳಿಗೆ ಹೇಳಿದಳು. ತುತ್ತೂರಿಯ ಕಿವಿ ಬಿಸಿಯಾಯಿತು. ಅಪ್ಪ ಹುಡುಕುತ್ತಿರುವುದು ಏನನ್ನು, ಯಾರಿಗಾಗಿ ಎಂದು ಆ ಡಬ್ಬಿಯಲ್ಲೆಲ್ಲ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ನಡುವಿನ ಓಣಿಯ ಆಚೆ, ಇಬ್ಬರು ಕೂರುವ ಒಂದು ಸೀಟು ಖಾಲಿಯಿತ್ತು. ಅದರ ಮೂಲೆ ಒಂದು ಗೇಣು ಬಿಚ್ಚಿಕೊಂಡು ನಾರು ಹೊರಬಂದಿದ್ದರಿಂದ ಯಾರೂ ಕೂತಿರಲಿಲ್ಲ. ಅಪ್ಪ ಅಲ್ಲಿ ಮಂಡಿಯೂರಿದ. ಬಿಚ್ಚದೆ ಉಳಿದ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದ. ಮೂರು ಹೊಲಿಗೆ, ಮೂರನೆಯದು ಓರೆ. ಅವನ ಮುಖ ಅರಳಿದ್ದನ್ನು ತುತ್ತೂರಿ ಕಿಟಕಿಯ ಗಾಜಿನಲ್ಲಿ ಕಂಡಳು. ಕಂಡೂ ತಿರುಗಲಿಲ್ಲ.

ಹರಿದ ಸೀಟಿನ ಮೇಲೆ ಮಗಳನ್ನು ಕೂರಿಸುವುದು ಹೇಗೆ? ಅವನು ಕಾಲರಿನಿಂದ ಸೂಜಿ ತೆಗೆದ. ಜೇಬಿನಿಂದ ದಾರದ ಉಂಡೆ ತೆಗೆದ. ಹೊಸ ಹೊಲಿಗೆ ಹಾಕುವ ಮುಂಚೆ ಹಳೆಯ ಪಿಸಿದ ದಾರ ಕತ್ತರಿಸಬೇಕಲ್ಲ, ಕಾಗದದಲ್ಲಿ ಸುತ್ತಿದ್ದ ಅರ್ಧ ಬ್ಲೇಡನ್ನೂ ತೆಗೆದ. ಶೆಡ್ಡಿನಲ್ಲಿ ಅವನು ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ. ಓಡುವ ರೈಲಿನಲ್ಲಿ, ನಾಲ್ಕು ಜನರ ಮುಂದೆ, ಅದು ಬೇರೆಯೇ ಕಾಣುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ.

"ಏಯ್! ಸೀಟು ಕುಯ್ತಿದ್ದಾನ್ರೀ!" ಗಡ್ಡದವನು ಹಾರಿ ಬಂದು ಅಪ್ಪನ ಮಣಿಕಟ್ಟು ಹಿಡಿದ. "ರೆಕ್ಸಿನ್ ಕದಿಯೋರು ಇವರೇ. ಬ್ಲೇಡು ನೋಡಿ, ಬ್ಲೇಡು!"

"ಕುಯ್ತಿಲ್ಲ ಸಾರ್, ಹೊಲೀತಿದ್ದೀನಿ."

"ಹೊಲೀತಾನಂತೆ! ರೈಲು ನಿಮ್ಮಪ್ಪನ ಮನೇದಾ?"

ಗದ್ದಲಕ್ಕೆ ಟಿಕೆಟ್ ಪರೀಕ್ಷಕ ಬಂದ. ದಪ್ಪ ಕನ್ನಡಕದ, ನಿಧಾನದ ಮನುಷ್ಯ. ಬ್ಲೇಡನ್ನು ಕೈಗೆ ತೆಗೆದುಕೊಂಡು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ನಿಂಗೆ ಹೊಲಿ ಅಂದವರು ಯಾರು?"

"ಯಾರೂ ಇಲ್ಲ ಸಾರ್. ಬಿಚ್ಚಿತ್ತು. ನಾವು ಶೆಡ್ಡಿನವರು, ಇದು ನಾನೇ ಹೊಲಿದಿದ್ದು..." ಮಂಡಿಯೂರಿಯೇ ಇದ್ದ ಅವನು ತಡವರಿಸಿದ. ನಾರಿನ ಎಳೆಯೊಂದು ಅವನ ಹುಬ್ಬಿಗೆ ಅಂಟಿಕೊಂಡಿತ್ತು. ಗಡ್ಡದವನು ಜೋರಾಗಿ ನಕ್ಕ, ಉಳಿದವರೂ ನಕ್ಕರು. ಬೂಟಿನ ಹುಡುಗಿಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

"ಜೊತೇಲಿ ಯಾರಿದ್ದಾರೆ?"

ಅಪ್ಪ ತುತ್ತೂರಿಯ ಕಡೆ ತಿರುಗಿದ. ಅಷ್ಟು ಹೊತ್ತಿನ ಮೇಲೆ ಮೊದಲ ಬಾರಿಗೆ ಅವನ ಮುಖಕ್ಕೆ ಧೈರ್ಯದ ನಗು ಬಂದಿತ್ತು. ಇವಳೊಬ್ಬಳು ಬಾಯಿ ಬಿಟ್ಟರೆ ಸಾಕು, ಇಡೀ ಡಬ್ಬಿಗೆ ತಿಳಿಯುತ್ತದೆ ಎಂದುಕೊಂಡನೋ ಏನೋ. ಬೀದಿಗೆಲ್ಲ ಊದಿದವಳಲ್ಲವೇ.

"ಹೌದಲ್ಲ, ಈಗ ಜ್ಞಾಪಕ ಬಂತು, ಈ ಮಗೂನ ಅವನೇ ತಂದು ಕೂರಿಸಿದ," ಎಂದಳು ಹೆಂಗಸು.

ಪರೀಕ್ಷಕ ಬಗ್ಗಿ ಕೇಳಿದ. "ಏನಮ್ಮಾ, ಇವನು ನಿಮ್ಮಪ್ಪನಾ?"

"ಅಲ್ಲ," ಎಂದಳು ತುತ್ತೂರಿ.

ಒಂದೇ ಮಾತು, ಅದೂ ಮೆಲ್ಲಗೆ. ಅವಳು ಜನ್ಮದಲ್ಲಿ ಅಷ್ಟು ಮೆಲ್ಲಗೆ ಯಾವ ಮಾತನ್ನೂ ಆಡಿರಲಿಲ್ಲ. ಆದರೂ ಕೇಳಬೇಕಾದವನಿಗೆ ಕೇಳಿಸಿತು.

ಅಪ್ಪನ ಮುಖದ ನಗು ತಕ್ಷಣ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಅವನು ಜೇಬಿಗೆ ಕೈ ಹಾಕಿ ಎರಡೂ ಟಿಕೆಟ್ಟು ತೆಗೆದ. "ಅಲ್ಲ ಸಾರ್," ಎಂದ. "ದೊಡ್ಡವರ ಮನೆ ಮಗು. ಅವರ ಅತ್ತೆ ಮನೆಗೆ ಬಿಟ್ಟು ಬಾ ಅಂತ ನನ್ನ ಜೊತೆ ಕಳಿಸಿದ್ದಾರೆ. ಇದು ನಂದು, ಇದು ಅವರದು."

ಇಷ್ಟಕ್ಕೇ ಮುಗಿದಿದ್ದರೆ ತುತ್ತೂರಿ ಹೇಗೋ ಬದುಕಿಕೊಳ್ಳುತ್ತಿದ್ದಳು. ಆದರೆ ಪರೀಕ್ಷಕ ಬ್ಲೇಡನ್ನು ವಾಪಸು ಕೊಟ್ಟು, "ಹೊಲೀತೀನಿ ಅಂದೆಯಲ್ಲ, ಎಲ್ಲಿ, ಹೊಲಿ ನೋಡೋಣ," ಎಂದು ಕೈಕಟ್ಟಿ ನಿಂತ.

ಅಪ್ಪ ಹೊಲಿದ. ಅವನು ಕೆಲಸ ಮಾಡುವುದನ್ನು ತುತ್ತೂರಿ ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಶೆಡ್ಡಿನೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ನಾರನ್ನು ಎರಡು ಬೆರಳಲ್ಲಿ ಒಳಕ್ಕೆ ಒತ್ತಿದ; ರೆಕ್ಸಿನ್ನಿನ ಎರಡು ಅಂಚನ್ನು ಹೆಬ್ಬೆರಳಲ್ಲಿ ಕೂಡಿಸಿ ಹಿಡಿದ; ಸೂಜಿ ಒಳಗೆ ಹೋಗಿ ತಾನಾಗಿ ಬಾಗಿ ಈಚೆ ಬಂತು. ರೈಲು ಕುಲುಕುತ್ತಿದ್ದರೂ ಕೈ ಕದಲಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ಗಡ್ಡದವನು ನಗು ನಿಲ್ಲಿಸಿ, ತನ್ನ ಕಾಲು ಅಡ್ಡವಾಗದ ಹಾಗೆ ಸರಿದು ನಿಂತ. ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದವು. ಅಪ್ಪ ಮೂರನೆಯದಕ್ಕೆ ಒಂದು ಕ್ಷಣ ತಡೆದು, ಓರೆ ಮಾಡದೆ, ನೇರವಾಗಿ ಹಾಕಿ ಗಂಟು ಕಟ್ಟಿದ. ಅದು ತುತ್ತೂರಿಗೆ ಮಾತ್ರ ಕಂಡಿತು.

ಪರೀಕ್ಷಕ ಹೆಬ್ಬೆರಳಿಂದ ಸವರಿ ನೋಡಿದ. "ಭಲೇ! ಎಲ್ಲಿ ಹರಿದಿತ್ತು ಅಂತಾನೇ ಗೊತ್ತಾಗಲ್ಲವಲ್ಲಯ್ಯಾ," ಎಂದ. "ಇನ್ಮೇಲೆ ಕೇಳದೆ ಮುಟ್ಟಬೇಡ. ಕೂತ್ಕೋ, ನೀನೇ ಕೂತ್ಕೋ ಇದರ ಮೇಲೆ."

ಬೂಟಿನ ಹುಡುಗಿ ತುತ್ತೂರಿಯ ಕಿವಿಯ ಹತ್ತಿರ ಬಂದು, "ನಿಮ್ಮನೆ ಕೆಲಸದವನು ಎಷ್ಟು ಚೆನ್ನಾಗಿ ಹೊಲೀತಾನೆ! ನಿನ್ನ ಚೀಲಾನೂ ಅವನೇ ಹೊಲಿದಿದ್ದಾ?" ಎಂದಳು.

ನಮ್ಮಪ್ಪ ಕಣೇ ಅದು, ನಮ್ಮಪ್ಪ, ಎಂದು ಗಂಟಲವರೆಗೂ ಬಂತು. ಈಗ ಹೇಳಿದರೆ ಅಪ್ಪ ದೊಡ್ಡವನಾಗುತ್ತಿದ್ದ, ಅವಳು ಮಾತ್ರ ಎಲ್ಲರ ಮುಂದೆ ಹೆತ್ತ ಅಪ್ಪನನ್ನು ಅಲ್ಲವೆಂದವಳಾಗುತ್ತಿದ್ದಳು. ಅವಳು ತನ್ನನ್ನೇ ಉಳಿಸಿಕೊಂಡಳು. ಚೀಲದ ಮೂಲೆಯನ್ನು ಹೊಟ್ಟೆಯ ಕಡೆ ತಿರುಗಿಸಿ, "ಅಂಗಡೀದು," ಎಂದಳು.

ಅಪ್ಪ ಆ ಸೀಟಿನ ತುದಿಯಲ್ಲಿ, ಬೈಯಲು ಯಾರಾದರೂ ಬರುತ್ತಾರೇನೋ ಎಂಬಂತೆ ಅರ್ಧ ಮೈಯಲ್ಲಿ ಕೂತಿದ್ದ. ಪಕ್ಕದ ಜಾಗ ಖಾಲಿಯಿತ್ತು. ಅವನು ಒಮ್ಮೆ ಅದರ ಮೇಲೆ ಕೈಯಿಟ್ಟು ಧೂಳು ಒರೆಸಿದ, ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡ. ಮುಂದಿನ ನಿಲ್ದಾಣದಲ್ಲಿ ಯಾರೋ ಒಬ್ಬ ಮೂಟೆಯವನು ಹತ್ತಿ, ಅಲ್ಲಿ ಮೂಟೆಯಿಟ್ಟು ಕೂತ. ಅಪ್ಪ ಎದ್ದು ಬಾಗಿಲ ಹತ್ತಿರ ನೆಲದ ಮೇಲೆ ಕೂತುಕೊಂಡ. ತುತ್ತೂರಿ ಕಿಟಕಿಯಾಚೆ ಹೊಳೆ ಬಂದರೂ ನೋಡಲಿಲ್ಲ, ಸೇತುವೆ ಬಂದರೂ ನೋಡಲಿಲ್ಲ.

ಅತ್ತೆಯ ಊರು ಬಂತು. ಅಪ್ಪ ಅವಳ ಮುಂದೆ ಬಂದು ನಿಂತ. 'ಏಳೇ ತುತ್ತೂರಿ' ಎನ್ನುವವನು ಹೆಂಗಸನ್ನೂ ಮಗಳನ್ನೂ ಒಮ್ಮೆ ನೋಡಿ, "ಬನ್ನಿ ಅಮ್ಮ, ಇಳಿಯೋ ಜಾಗ ಬಂತು," ಎಂದ. ಅವಳು ಇಳಿಯುವಾಗ ಅವನು ಎತ್ತಿಕೊಳ್ಳಲಿಲ್ಲ, ಬೆರಳು ಕೊಡಲಿಲ್ಲ. ಚೀಲ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ನಡೆದ. ರೈಲು ಹೋಗಿ, ಆ ಕಿಟಕಿ ಕಾಣದಂತಾದ ಮೇಲೂ ಎರಡೇ ಹೆಜ್ಜೆ ಹಿಂದೆ.

ಅತ್ತೆಯ ಮನೆಯಲ್ಲಿ ಅವನು ಹೇಳಿಬಿಡುತ್ತಾನೆ, ಅತ್ತೆ ಕಿವಿ ಹಿಂಡುತ್ತಾಳೆ, ಅಷ್ಟಕ್ಕೆ ಮುಗಿಯುತ್ತದೆ ಎಂದು ತುತ್ತೂರಿ ಕಾದಳು. ಕಿವಿ ಹಿಂಡಿಸಿಕೊಳ್ಳಬೇಕೆಂದು ಅವಳಿಗೆ ಅಷ್ಟು ಆಸೆಯಾಗಿದ್ದು ಅದೊಂದೇ ಸಲ. ಅಪ್ಪ ನೀರು ಕುಡಿದು, "ಕಿಟಕಿ ಪಕ್ಕಾನೇ ಸಿಕ್ತಕ್ಕಾ ಇವಳಿಗೆ. ಖುಷಿಯೋ ಖುಷಿ," ಎಂದ. ಮಧ್ಯಾಹ್ನದ ರೈಲಿಗೇ ಹೊರಟುಹೋದ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳೇ ಹೊರತು ಈಚೆಗೆ ಬರಲಿಲ್ಲ.

ತಿಂಗಳು ಕಳೆದು ಕರೆದುಕೊಂಡು ಹೋಗಲು ಬಂದವಳು ಅಮ್ಮ. ಬಗಲಲ್ಲಿ ಮಗು, ಮೈಮೇಲೆ ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತಿದ್ದ ಒಂದೇ ಒಂದು ರೇಷ್ಮೆ. ಸೆಕೆಗೆ ಬೆವರಿ ಬಸಿದುಹೋಗಿದ್ದಳು.

"ಅಪ್ಪ ಯಾಕೆ ಬರಲಿಲ್ಲ?"

"ನಿಮ್ಮಪ್ಪಂದೇ ಹಟ ಕಣೇ. ನೀನೇ ಹೋಗು, ಒಳ್ಳೇದು ಉಟ್ಕೊಂಡು ಹೋಗು, ಅವಳಿಗೆ ಅದೇ ಚೆಂದ ಅಂತ. ಹಾಲು ಕುಡಿಯೋ ಮಗೂನ ಕಟ್ಕೊಂಡು ನಾನು ಒದ್ದಾಡಬೇಕು. ಏನು ಗುಟ್ಟೋ ನಿಮ್ಮಿಬ್ಬರದು." ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ವಾಪಸು ಬರುವ ರೈಲಿನಲ್ಲಿ ಎದುರು ಕೂತ ಮುದುಕನೊಬ್ಬ ಸುಮ್ಮನೆ ಮಾತಿಗೆಂದು, "ನಿಮ್ಮಪ್ಪ ಏನ್ಮಾಡ್ತಾರೆ ಮಗೂ?" ಎಂದು ಕೇಳಿದ. ತುತ್ತೂರಿ ಎದ್ದು ನಿಂತಳು. "ನೀವು ಕೂತಿದ್ದೀರಲ್ಲ ತಾತಾ, ಈ ಸೀಟು, ಇದನ್ನ ಹೊಲಿಯೋದು ನಮ್ಮಪ್ಪ!" ಎಂದಳು. ಡಬ್ಬಿಯ ಆ ತುದಿಯವರೂ ತಿರುಗಿ ನೋಡಿದರು. "ಮೂಲೆಯೆಲ್ಲಾ ಕೈಯಲ್ಲೇ! ಮೆಷಿನ್ನಿಗೂ ಬರಲ್ಲ!" ಅಮ್ಮ ನಾಚಿ, "ಸಾಕು ಮೆಲ್ಲಗೆ," ಎಂದು ಎಳೆದು ಕೂರಿಸಿದಳು. ಆದರೆ ಅವಳು ನಿಲ್ಲಿಸಲಿಲ್ಲ. ಹತ್ತಿದವರಿಗೆಲ್ಲ, ಇಳಿದವರಿಗೆಲ್ಲ, ಶೇಂಗಾ ಮಾರಲು ಬಂದವನಿಗೂ ಹೇಳಿದಳು. ಎಷ್ಟು ಸಲ ಹೇಳಿದರೂ ಎದೆ ಒಂದಿಷ್ಟೂ ಹಗುರಾಗಲಿಲ್ಲ.

ಊರಿನ ನಿಲ್ದಾಣದಲ್ಲಿ ಅಪ್ಪ ಬಂದಿದ್ದ. ಉಳಿದವರ ಹಾಗೆ ಡಬ್ಬಿಯ ಹತ್ತಿರ ಬಂದಿರಲಿಲ್ಲ. ದೂರದಲ್ಲಿ ನೀರಿನ ನಲ್ಲಿಯ ಪಕ್ಕ, ಕಂಬಕ್ಕೆ ಅರ್ಧ ಮರೆಯಾಗಿ, ಸೈಕಲ್ ಹಿಡಿದುಕೊಂಡು ನಿಂತಿದ್ದ. ತುತ್ತೂರಿ ಮೆಟ್ಟಿಲ ಮೇಲಿಂದಲೇ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಅಪ್ಪಾ!"

ಇಳಿಯುವವರು, ಹತ್ತುವವರು, ಎಲ್ಲ ತಿರುಗಿದರು. ಅಪ್ಪನೂ ನೋಡಿದ. ಆದರೆ ಕೈ ಎತ್ತಲಿಲ್ಲ. ಮೊದಲು ಅವಳ ಎಡಕ್ಕೆ ನೋಡಿದ, ಆಮೇಲೆ ಬಲಕ್ಕೆ, ಅವಳ ಜೊತೆ ಇಳಿದವರು ಯಾರಾದರೂ ಇದ್ದಾರೆಯೇ ಎಂದು. ಅಮ್ಮ, ಮಗು, ಅಷ್ಟೇ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೈ ಎತ್ತಿ, "ಬಂದೆಯೇನೇ," ಎಂದ.